ವಿಜಯಪುರದ ಅಂಗವಿಕಲ ಕಾರ್ಡು ಮುಂಬೈ ಪಕ್ಕದ ಡೊಂಬಿವ್ಲಿಯಲ್ಲಿ ನಡೆಯುತ್ತಾ?

ನಡೆಯುತ್ತೆ ಸರ್. ನಿಮ್ಮ ತಮ್ಮನಿಗೆ ವಿಜಯಪುರದಲ್ಲಿ ಕೊಟ್ಟ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ಇಡೀ ದೇಶಕ್ಕೆ ಸಲ್ಲುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಹಾಗಿದೆ. ಇಲ್ಲಿ ಮತ್ತೆ ಡಾಕ್ಟರ್ ಮುಂದೆ ಕೂರಿಸಬೇಕಿಲ್ಲ. ಆದರೆ ಸರ್ಟಿಫಿಕೇಟಿನಲ್ಲಿ 'ಶಾಶ್ವತ' ಅಂತ ಇದೆಯಾ, 'ತಾತ್ಕಾಲಿಕ' ಅಂತ ಇದೆಯಾ ನೋಡಿ. ತಾತ್ಕಾಲಿಕವಾದರೆ ಅವಧಿ ಮುಗಿಯುವ ಮುಂಚೆಯೇ ಹೊಸದಕ್ಕೆ ಓಡಾಡಿ. ಕಾರ್ಡಿನಲ್ಲಿ ಹಳದಿ ಪಟ್ಟಿ ಇದ್ದರೆ ಅಂಗವೈಕಲ್ಯ ಶೇ. 40ರಿಂದ 80ರ ನಡುವೆ ಅಂತ ಅರ್ಥ. ಬಿಳಿ ಅಂದರೆ 40ಕ್ಕಿಂತ ಕಡಿಮೆ, ಹೆಚ್ಚಿನ ಸೌಲಭ್ಯ ಸಿಗುವುದು ಕಷ್ಟ.

ತಮ್ಮನಿಗೆ ಸಂಬಳ ಬರುತ್ತೆ ಅಂದಿರಲ್ಲ, ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಅಂಗವಿಕಲರಿಗಿರುವ ವಿನಾಯಿತಿಯಲ್ಲಿ ತೆರಿಗೆ ಲೆಕ್ಕದ ಆದಾಯದಿಂದ 75,000 ರೂ. ಕಳೆಯಬಹುದು. ಮಹಾರಾಷ್ಟ್ರ ಸರ್ಕಾರದ ಪಿಂಚಣಿ ಮಾತ್ರ ಬೇರೆ ಲೆಕ್ಕ. ಅದಕ್ಕೆ ಇಲ್ಲಿನ ವಾಸದ ದಾಖಲೆ, ಆದಾಯದ ದಾಖಲೆ ಎಲ್ಲಾ ಕೇಳ್ತಾರೆ. ತಹಸೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಏಜೆಂಟರಿಗೆ ಸುಮ್ನೆ ದುಡ್ಡು ಕೊಡಬೇಡಿ.

'ನಾನೊಬ್ಬನೇ ಕುಂಟ, ಎಲ್ಲರೂ ನೋಡ್ತಾರೆ' ಅಂತ ತಮ್ಮ ಲೋಕಲ್ ರೈಲಿನ ಅಂಗವಿಕಲರ ಡಬ್ಬಿ ಹತ್ತಲ್ಲ ಅಂತಾನೆ ಅಂದಿರಿ. ಅವನೊಬ್ಬನೇ ಅಲ್ಲ, 2011ರ ಜನಗಣತಿಯಲ್ಲೇ ದೇಶದಲ್ಲಿ 2.68 ಕೋಟಿ ಅಂಗವಿಕಲರು ಲೆಕ್ಕಕ್ಕೆ ಸಿಕ್ಕಿದ್ದರು. ಆಗ ಎಂಟು ಬಗೆಯ ಅಂಗವೈಕಲ್ಯ ಎಣಿಸಿದ್ದರು, ಈಗಿನ ಕಾಯ್ದೆಯಲ್ಲಿ 21 ಇವೆ. ಬೆಳಗಿನ ರಶ್ಶಿನಲ್ಲಿ ಜನರಲ್ ಡಬ್ಬಿಯ ಬಾಗಿಲಲ್ಲಿ ಒಂದೇ ಕಾಲಿನ ಬಲದ ಮೇಲೆ ಜೋತಾಡುವುದು ಯಾವ ಮರ್ಯಾದೆ, ಹೇಳಿ? ಮುಂದಿನ ವಾರ ನೀವೇ ಪ್ಲಾಟ್‌ಫಾರ್ಮ್ ತನಕ ಹೋಗಿ ಹತ್ತಿಸಿ ಬನ್ನಿ. ಕಾರ್ಡು ಜೇಬಿನಲ್ಲೇ ಇರಲಿ, ಟಿಸಿ ಕೇಳ್ತಾರೆ.