ಅದೇ ಪಾಪ ಮತ್ತೆ ಹೇಳೋದಾದ್ರೆ ತಿಂಗಳಿಗೊಮ್ಮೆ ಪಾಪನಿವೇದನೆ ಯಾಕೆ?

ನೀವು ಕೇಳಿದ್ದು ಇಷ್ಟು ಅಲ್ವಾ: ಬೆಳಗಾವಿಯಲ್ಲಿದ್ದೀರಿ, ಈಸ್ಟರ್‌ಗೆ ಮೊದಲು ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡುತ್ತೀರಿ, ಅಂದರೆ ಫಾದರ್ ಮುಂದೆ ತಪ್ಪು ಹೇಳಿಕೊಂಡು ಕ್ಷಮೆ ಪಡೆಯುತ್ತೀರಿ. ಅವ್ವ ತಿಂಗಳಿಗೊಮ್ಮೆ ಹೋಗು, ಖುಷಿ ಸಿಗುತ್ತೆ ಅನ್ನುತ್ತಾರೆ. ಹೇಳೋದು ಅದೇ ಸಿಟ್ಟು, ಅದೇ ಸುಳ್ಳು. ಖುಷಿ ಎಲ್ಲಿಂದ ಬರಬೇಕು ಅಂತ.

ಕಥೋಲಿಕ ಸಭೆಯ ಕಾನೂನು ಕೇಳುವುದು, ಗಂಭೀರ ಪಾಪಗಳನ್ನು ವರ್ಷಕ್ಕೊಮ್ಮೆಯಾದರೂ ಹೇಳಿ ಅಂತ ಮಾತ್ರ. ಅವ್ವನ ಮಾತು ಕಡ್ಡಾಯವಲ್ಲ, ಆದರೆ ಒಳ್ಳೆ ಸಲಹೆ. ಪೋಪ್ ಫ್ರಾನ್ಸಿಸ್ ತಾವೇ 15 ದಿನಕ್ಕೊಮ್ಮೆ ಹೋಗುವುದಾಗಿ 2013ರಲ್ಲಿ ಹೇಳಿದ್ದರು.

ವರ್ಷಕ್ಕೊಮ್ಮೆ ಹೋದರೆ 'ಸಿಟ್ಟು ಮಾಡಿದೆ' ಅಂತ ಸುಮ್ನೆ ಹೇಳಿ ಮುಗಿಸುತ್ತೀರಿ. ತಿಂಗಳಿಗೊಮ್ಮೆ ಆದರೆ 'ಮೊನ್ನೆ ರೊಟ್ಟಿ ಆರಿದೆ ಅಂತ ತಟ್ಟೆ ತಳ್ಳಿ ಎದ್ದೆ, ಅವ್ವ ಆ ರಾತ್ರಿ ಉಣ್ಣಲಿಲ್ಲ' ಅಂತ ಬಾಯಿಗೆ ಬರುತ್ತದೆ. ಇದನ್ನು ಹೇಳೋಕೆ ನಾಚಿಕೆ ಜಾಸ್ತಿ. ಆದರೆ ಕ್ಷಮೆ ಸಿಕ್ಕಿದ್ದು ಆ ತಟ್ಟೆಗೇ ಅಂತ ಗೊತ್ತಾಗುತ್ತದೆ, ಮನಸ್ಸು ಹಗುರಾಗೋದು ಅಲ್ಲಿಂದ. ಬೈಬಲ್‌ನ 51ನೇ ಕೀರ್ತನೆ ತೆಗೆದು ನೋಡಿ. ತಪ್ಪು ಒಪ್ಪಿಕೊಂಡ ಮೇಲೆಯೇ ರಾಜ ದಾವೀದ ಕಳೆದುಕೊಂಡ ಆನಂದವನ್ನು ವಾಪಸ್ ಕೇಳುತ್ತಾನೆ.

ಅದೇ ಪಾಪ ಮರಳಿ ಬಂತು ಅಂತ ಗಾಬರಿ ಬೇಡ. ಅಂಗಳ ದಿನಾ ಗುಡಿಸ್ತೀವಲ್ಲ! ಪ್ರತಿ ಸಲ ಖುಷಿ ಉಕ್ಕೋದಿಲ್ಲ, ಅದೂ ನಿಜ. ಕ್ಷಮೆ ಅದರ ಮೇಲೆ ನಿಂತಿಲ್ಲ.

ನಿಮ್ಮ ಊರ ಫಾದರ್ ಮುಂದೆ ಮುಜುಗರವಾದರೆ ಬೆಳಗಾವಿಯ ಕ್ಯಾಂಪ್ ಪ್ರದೇಶದ ಫಾತಿಮಾ ಕ್ಯಾಥೆಡ್ರಲ್‌ಗೆ ಹೋಗಿ. ಹಾಗೆ ನೋಡಿದರೆ ಕೇಳಿದ್ದನ್ನು ಯಾವ ಗುರುವೂ ಯಾರಿಗೂ ಹೇಳುವಂತಿಲ್ಲ. ಸಮಯ ಮೊದಲೇ ವಿಚಾರಿಸಿಕೊಳ್ಳಿ. ಪೂಜೆ ಶುರುವಾಗೋ ಹೊತ್ತಿಗೆ ಮಾತ್ರ ಓಡಿಹೋಗಬೇಡಿ, ಫಾದರ್‌ಗೂ ಅವಸರ, ನಿಮಗೂ ಅವಸರ.