ಪ್ರವಾಸ ಪ್ರಶ್ನೋತ್ತರ: ಒಬ್ಬರೇ, ಒಂದೇ ದಿನ, ವಿಜಯಪುರ

ಪ್ರಶ್ನೆ: ಬೆಳಗ್ಗೆ ರೈಲಿನಲ್ಲಿ ವಿಜಯಪುರಕ್ಕೆ ಬಂದಿಳಿದು ರಾತ್ರಿ ವಾಪಸಾಗಬೇಕು. ಜೊತೆಗೆ ಯಾರೂ ಇಲ್ಲ. ಯಾವುದನ್ನು ಮೊದಲು ನೋಡಲಿ, ಯಾವುದನ್ನು ಬಿಡಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಶುಕ್ರವಾರ ಹೋಗಬೇಡಿ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಅಂದು ರಜೆ. ಜಾಮಿಯಾ ಮಸೀದಿಯಲ್ಲೂ ಮಧ್ಯಾಹ್ನ ನಮಾಜಿನ ಜನಸಂದಣಿ ಇರುತ್ತದೆ.

ಗೋಳಗುಮ್ಮಟ ಊರಿನ ಪೂರ್ವಕ್ಕೆ, ರೈಲು ನಿಲ್ದಾಣದ ಹತ್ತಿರವೇ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿಯಾದ ಇಬ್ರಾಹಿಂ ರೋಜಾ ಇರುವುದು ಪಶ್ಚಿಮದ ಕೋಟೆಗೋಡೆಯ ಆಚೆ. ಬಿಸಿಲಿನ ಜೊತೆಗೇ ಪೂರ್ವದಿಂದ ಪಶ್ಚಿಮಕ್ಕೆ ಸಾಗಿದರೆ ಹೋದ ದಾರಿಗೆ ಮತ್ತೆ ಬರುವ ಕೆಲಸವಿಲ್ಲ. ಎರಡು ಕಡೆಯೂ ಟಿಕೆಟ್ ಬೇರೆ ಬೇರೆ, ಭಾರತೀಯರಿಗೆ ತಲಾ 25 ರೂಪಾಯಿ.

ಇಳಿದವರೇ ಗುಮ್ಮಟಕ್ಕೆ ನಡೆಯಿರಿ. ಅದು ಮುಗಿಯುವ ಹೊತ್ತಿಗೆ ವಸ್ತುಸಂಗ್ರಹಾಲಯ ತೆರೆದಿರುತ್ತದೆ. ಅಲ್ಲಿಂದ ಜಾಮಿಯಾ ಮಸೀದಿ. ಒಳಗೆ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಬರೆದ 2250 ನಮಾಜಿನ ಚೌಕಗಳಿವೆ. ಅವನ್ನು ಬರೆಸಿದ್ದು ಔರಂಗಜೇಬನ ಕಾಲದಲ್ಲಿ. ಆಮೇಲೆ ಹಳೆಯ ಅರಮನೆ ಗಗನ ಮಹಲ್, ಬಾರಾ ಕಮಾನ್. ಇವೆರಡಕ್ಕೂ ಸೇರಿ ಒಂದು ಗಂಟೆ ಸಾಕು. ಬಾರಾ ಕಮಾನ್ ವಿಜಯಪುರದ ಸುಲ್ತಾನ ಎರಡನೇ ಅಲಿ ಆದಿಲ್‌ಶಾಹನ ಅರೆಬರೆ ಗೋರಿ. ಕಮಾನಿನ ಮೇಲೆ ಗುಮ್ಮಟ ಏರುವ ಮೊದಲೇ ಕೆಲಸ ನಿಂತದ್ದರಿಂದ ಇಲ್ಲಿ ಕಟ್ಟಡದ ಅಸ್ಥಿಪಂಜರವೇ ಕಾಣುತ್ತದೆ.

ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಯಾವ ಬುರುಜನ್ನೂ ಹತ್ತಬೇಡಿ. ಖಾನಾವಳಿಯಲ್ಲಿ ರೊಟ್ಟಿ ಊಟ ಮುಗಿಸಿ ನೆರಳಲ್ಲಿ ಕೂತಿರಿ. ಮೂರರ ನಂತರ ಉಪ್ಪಲಿ ಬುರುಜು ಹತ್ತಿ: 1584ರದ್ದು, ಸುಮಾರು 80 ಅಡಿ ಎತ್ತರ. ಮೆಟ್ಟಿಲು ಬುರುಜಿನ ಹೊರಮೈಗೆ ಸುತ್ತಿಕೊಂಡು ಏರುತ್ತದೆ; ಹತ್ತುವಾಗಲೂ ಇಳಿಯುವಾಗಲೂ ಗೋಡೆಯ ಕಡೆಗೇ ಇರಿ. ಹತ್ತಿರದಲ್ಲೇ ಷೇರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. ನಾಲ್ಕಕ್ಕೆ ಆಟೋ ಹಿಡಿದು ಇಬ್ರಾಹಿಂ ರೋಜಾ ಸೇರಿ. ಹತ್ತುವ ಮುಂಚೆಯೇ ಬಾಡಿಗೆ ಮಾತಾಡಿಕೊಳ್ಳಿ.

ರೋಜಾವನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಒಂದೇ ಜಗಲಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕೊಳ. ಇಳಿಬಿಸಿಲು ಗೋರಿಯ ಮುಖಕ್ಕೇ ಬೀಳುವುದರಿಂದ ಕಲ್ಲಿನ ಕೆತ್ತನೆ, ಅಕ್ಷರದ ಜಾಲರಿಗಳು ಆಗ ಎದ್ದು ಕಾಣುತ್ತವೆ. ಬೆಳಗ್ಗೆ ಹೋದರೆ ಬೆಳಕಿರುವುದು ಮಸೀದಿಯ ಮೇಲೆ, ಗೋರಿಯ ಆ ಮುಖ ನೆರಳಲ್ಲಿ. ಸಮಯ ಸಾಲದಿದ್ದರೆ ಗಗನ ಮಹಲನ್ನು ಬಿಡಿ, ರೋಜಾವನ್ನು ಬಿಡಬೇಡಿ. ಗೋಳಗುಮ್ಮಟ ಬೆರಗು ಹುಟ್ಟಿಸುತ್ತದೆ. ಚೆಲುವಿನಲ್ಲಿ ರೋಜಾದ ತೂಕವೇ ಹೆಚ್ಚು.

ಪ್ರಶ್ನೆ: ಹಿಂದೊಮ್ಮೆ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೋದಾಗ ಬರೀ ಗಲಾಟೆ ಕೇಳಿಸಿತು. ಈ ಸಲ ಒಬ್ಬಳೇ ಹೋಗುತ್ತಿದ್ದೇನೆ. ಏನು ಮಾಡಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಪ್ಪು ಗುಮ್ಮಟದ್ದಲ್ಲ, ಹೊತ್ತಿನದು. ಶಾಲಾ ಪ್ರವಾಸದ ಬಸ್ಸುಗಳು ಬರುವ ಮೊದಲು, ಬಾಗಿಲು ತೆರೆಯುತ್ತಿದ್ದಂತೆ ಹೋಗಿ. ಒಬ್ಬರು ಕೂಗಿದ್ದು ಹಲವು ಸಲ ಮರುದನಿಸುವ ಜಾಗದಲ್ಲಿ ನಲವತ್ತು ಮಕ್ಕಳು ಕೂಗಿದರೆ ಪಿಸುಮಾತಿಗೆ ಎಡೆ ಎಲ್ಲಿ?

ಚಪ್ಪಲಿಯನ್ನು ಹೊರಗೆ ಬಿಡಬೇಕು, ಕಾಲುಚೀಲ ಇಟ್ಟುಕೊಂಡಿರಿ. ಮೂಲೆಯ ಏಳಂತಸ್ತಿನ ಮಿನಾರಿನೊಳಗೆ ನೂರಕ್ಕೂ ಹೆಚ್ಚು ಮೆಟ್ಟಿಲು, ಇಕ್ಕಟ್ಟು, ಕಡಿದು. ಮೊಬೈಲಿನ ಟಾರ್ಚ್ ಬೇಕಾಗುತ್ತದೆ. ಇಳಿಯುವವರ ಗುಂಪು ಎದುರಾದರೆ ಅಂತಸ್ತಿನ ತಿರುವಿನಲ್ಲಿ ನಿಂತು ದಾರಿ ಬಿಡಿ, ಮೆಟ್ಟಿಲ ನಡುವೆ ತಳ್ಳಾಡಬೇಡಿ.

ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಎದುರು ಗೋಡೆಗೆ ಹೋಗಿ ಮರಳುವ ದನಿಗೆ 76 ಮೀಟರ್ ದಾರಿ, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸಮಯ. ಅಷ್ಟು ಅಂತರವಿದ್ದರೆ ಕಿವಿಗೆ ಮರುದನಿ ಬೇರೆಯಾಗಿಯೇ ಕೇಳುತ್ತದೆ. ಇದಕ್ಕೆ ಜೊತೆಗಾರರು ಬೇಡ: ಒಮ್ಮೆ ಮಾತ್ರ ಚುರುಕಾಗಿ ಚಪ್ಪಾಳೆ ತಟ್ಟಿ, ಪೂರ್ತಿ ಅಡಗುವ ತನಕ ಎಣಿಸಿ. ಬಹಳ ಜನ ಎರಡನೆಯದನ್ನು ಅವಸರದಲ್ಲಿ ತಟ್ಟಿ ಲೆಕ್ಕ ಕೆಡಿಸಿಕೊಳ್ಳುತ್ತಾರೆ.

ಪಿಸುಮಾತಿಗೆ ಮಾತ್ರ ಇನ್ನೊಂದು ಕಿವಿ ಬೇಕು. ಬೆಳಗಿನ ಹೊತ್ತು ಬಂದ ಯಾರಾದರೂ ಕುಟುಂಬದವರನ್ನು ಕೇಳಿ, ಬೇಡವೆನ್ನುವವರು ಕಡಿಮೆ. ಅವರು ನೇರ ಎದುರಿಗೆ ಗೋಡೆಗೆ ಕಿವಿಯಿಟ್ಟು ಕೂರಲಿ. ನೀವು ಗೋಡೆಗೆ ಬಾಯಿ ಹತ್ತಿರ ತಂದು, ಗೋಡೆಯ ಉದ್ದಕ್ಕೆ ಮಾತು ಹರಿಯುವಂತೆ ನಿಧಾನವಾಗಿ ಹೇಳಿ. ನಡುವಿನ ಬಯಲಿನತ್ತ ತಿರುಗಿ ಹೇಳಿದರೆ ದನಿ ಚದುರಿಹೋಗುತ್ತದೆ. ಬಾಗಿದ ಗೋಡೆಗೆ ಒತ್ತಿಕೊಂಡು ಸಾಗಿದರೆ ಸೋರಿಕೆ ಕಡಿಮೆ.

ಪ್ರಶ್ನೆ: ಮಲಿಕ್-ಎ-ಮೈದಾನ್ ತೋಪನ್ನು ವಿಜಯಪುರದಲ್ಲೇ ಎರಕ ಹೊಯ್ದರೇ?
– ಓದುಗರೊಬ್ಬರು, ಗದಗ

ಉತ್ತರ: ಇಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕವಾದದ್ದು. ಯುದ್ಧದಲ್ಲಿ ಗೆದ್ದು ಇಲ್ಲಿಗೆ ತಂದರು. ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು. ಬಾಯಿಯ ಕಡೆ ಬಗ್ಗಿ ನೋಡಿ: ಸಿಂಹದ ದವಡೆಯ ನಡುವೆ ಆನೆ ಸಿಕ್ಕಿಕೊಂಡಿದೆ.