'ಅವರ ನಂಬಿಕೆ' ಅಂದರೆ ಯಾರ ನಂಬಿಕೆ?

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯ ಲೇಖನದಲ್ಲಿ ದೇವದಾಸಿ ಪದ್ಧತಿ ತಪ್ಪು ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟಿದ್ದೀರಿ. ಸರಿ-ತಪ್ಪು ಊರಿಂದ ಊರಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಅವರ ನಂಬಿಕೆ ಅವರಿಗೆ. ಇವತ್ತಿನ ಕಣ್ಣಿಂದ ತೀರ್ಪು ಕೊಡಲು ನಾವು ಯಾರು?"

ಪ್ರಿಯ ಓದುಗರೆ,

ನಿಮ್ಮ ಅರ್ಧ ಮಾತು ನನಗೂ ಒಪ್ಪಿಗೆ. ಸೋದರಮಾವನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಸಂಭ್ರಮದ ವಿಷಯ. ಉತ್ತರ ಭಾರತದ ಎಷ್ಟೋ ಊರುಗಳಲ್ಲಿ ಇದನ್ನು ಕೇಳಿದರೇ ಕಿವಿ ಮುಚ್ಚಿಕೊಳ್ಳುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ರೂಢಿ ಇದ್ದವರಿಗೆ ವಿನಾಯಿತಿ ಕೊಟ್ಟಿದೆ. ಸತ್ತವರನ್ನು ಲಿಂಗಾಯತರು ಹೂಳುತ್ತಾರೆ, ಪಕ್ಕದ ಮನೆಯವರು ಸುಡುತ್ತಾರೆ. ಇಲ್ಲಿ ಒಬ್ಬರು ಸರಿ, ಇನ್ನೊಬ್ಬರು ತಪ್ಪು ಅನ್ನುವ ಪ್ರಶ್ನೆಯೇ ಇಲ್ಲ.

ಆದರೆ 'ಅವರ ನಂಬಿಕೆ' ಅಂದಿರಲ್ಲ, ಆ ಅವರು ಯಾರು?

ಮದರಾಸಿನ ಕಥೆ ನೋಡಿ. ಅಲ್ಲಿನ ಶಾಸನ ಸಭೆಯ ಮೊದಲ ಮಹಿಳಾ ಸದಸ್ಯೆ ಡಾ. ಮುತ್ತುಲಕ್ಷ್ಮಿ ರೆಡ್ಡಿ. 1920ರ ದಶಕದ ಕೊನೆಯಲ್ಲಿ ಈ ಪದ್ಧತಿ ನಿಲ್ಲಬೇಕು ಅಂತ ಪಟ್ಟು ಹಿಡಿದವರು ಅವರು. ಅವರ ತಾಯಿ ದೇವದಾಸಿ ಮನೆತನದವರು. ವಿರೋಧಿಸಿದವರಲ್ಲಿ ಬೆಂಗಳೂರು ನಾಗರತ್ನಮ್ಮ ಇದ್ದರು. ನಂಜನಗೂಡಿನಲ್ಲಿ ಹುಟ್ಟಿದ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ದೊಡ್ಡ ಗಾಯಕಿ. ಅವರೂ ದೇವದಾಸಿ ಮನೆತನದವರೇ. ಓದು, ಸಂಗೀತ, ಸ್ವಂತ ಆಸ್ತಿ ಇದ್ದ ಹೆಂಗಸರನ್ನೆಲ್ಲ ಸೂಳೆಯರು ಅಂತ ಒಂದೇ ಸಾಲಿಗೆ ನಿಲ್ಲಿಸುವುದು ಅವಮಾನ ಅನ್ನುವುದು ವಿರೋಧಿಸಿದವರ ವಾದ. ಅದರಲ್ಲಿ ನೋವೂ ಇತ್ತು, ನಿಜವೂ ಇತ್ತು. ನಾಗರತ್ನಮ್ಮನವರು 1910ರಲ್ಲಿ ಹಳೆಯ ತೆಲುಗು ಶೃಂಗಾರಕಾವ್ಯವೊಂದನ್ನು ಅಚ್ಚು ಹಾಕಿಸಿದಾಗ ಬ್ರಿಟಿಷ್ ಸರ್ಕಾರ ಅದನ್ನು ಅಶ್ಲೀಲ ಅಂತ ಮುಟ್ಟುಗೋಲು ಹಾಕಿಕೊಂಡಿತ್ತು. ಆ ಕಾವ್ಯದಿಂದ ಯಾರಿಗೂ ಕೆಡುಕಾಗಿರಲಿಲ್ಲ. ಹೊರಗಿನವರ ಅಳತೆಗೋಲನ್ನು ಅನುಮಾನದಿಂದ ನೋಡಬೇಕು ಅನ್ನುವ ನಿಮ್ಮ ಮಾತು ಇಂಥ ಕಡೆ ನೂರಕ್ಕೆ ನೂರು ಸರಿ.

ಒಂದೇ ಬಗೆಯ ಮನೆತನದಿಂದ ಬಂದ ಇಬ್ಬರು, ಇಬ್ಬರೂ ಪ್ರಾಮಾಣಿಕರು, ಎರಡು ಮಾತು. ಸಂಸ್ಕೃತಿ ಅಂದರೆ ಒಂದೇ ಬಾಯಿಂದ ಮಾತಾಡುವ ಮನುಷ್ಯನಲ್ಲ. ಅದರೊಳಗೆ ಯಾವಾಗಲೂ ಜಗಳ ನಡೆಯುತ್ತಿರುತ್ತದೆ. 'ಅವರ ನಂಬಿಕೆ' ಅಂದುಬಿಟ್ಟರೆ ಜಾಸ್ತಿ ದನಿ ಇದ್ದವರ ಮಾತನ್ನೇ ಎಲ್ಲರ ಮಾತು ಅಂತ ಒಪ್ಪಿಕೊಂಡ ಹಾಗಾಗುತ್ತದೆ, ಅಲ್ವಾ?

ಈಗ ಉತ್ತರ ಕರ್ನಾಟಕದ ಹಳ್ಳಿಗೆ ಬನ್ನಿ. ಮಗು ಕಾಯಿಲೆ ಬಿತ್ತು, ತಲೆಯಲ್ಲಿ ಜಡೆ ಗಂಟಾಯಿತು, ಗಂಡುಮಕ್ಕಳಿಲ್ಲ, ಮನೆಯಲ್ಲಿ ಬಡತನ. ಎಲ್ಲಮ್ಮನ ಹೆಸರಲ್ಲಿ ಹುಡುಗಿಗೆ ಮುತ್ತು ಕಟ್ಟುತ್ತಾರೆ, ಅಂದರೆ ದೇವಿಗೆ ಅರ್ಪಿಸಿ ದೇವದಾಸಿ ಮಾಡುತ್ತಾರೆ. ಇನ್ನೂ ಮೈನೆರೆಯದ ಹುಡುಗಿ. ಬಹುಪಾಲು ದಲಿತರ ಮನೆಯವಳು. ದೊಡ್ಡವಳಾದ ಮೇಲೆ ಅವಳ ಹತ್ತಿರ ಬರುತ್ತಿದ್ದವರು ಬಹಳ ಸಲ ಊರಿನ ಹಣವಂತರು, ಮೇಲ್ಜಾತಿಯವರು. ಮುಂದೆ ತನಗೆ ಏನಾಗುತ್ತದೆ ಅಂತ ತಿಳಿಯದ ವಯಸ್ಸಿನಲ್ಲಿ ಅವಳ ಇಡೀ ಬಾಳನ್ನು ಬೇರೆಯವರು ತೀರ್ಮಾನಿಸಿಬಿಡುತ್ತಾರೆ. ಬೇಡ ಅನ್ನಲು ಅವಳಿಗೆ ದಾರಿಯೇ ಇಲ್ಲ. ಇದು ಸವದತ್ತಿಯಲ್ಲಿ ನಡೆದರೂ ತಪ್ಪು, ಭೂಮಿಯ ಇನ್ನೊಂದು ತುದಿಯಲ್ಲಿ ನಡೆದರೂ ತಪ್ಪು. ಇದನ್ನು ಬರೀ ನನ್ನ ಅಭಿಪ್ರಾಯ ಅಂತ ಹೇಳಲು ನನಗೆ ಮನಸ್ಸಿಲ್ಲ.

ಇವತ್ತಿನ ಕಣ್ಣು ಅಂದಿರಿ. ಮೈಸೂರು ಸಂಸ್ಥಾನ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು 1909ರಲ್ಲೇ ನಿಲ್ಲಿಸಿತು. ನೂರು ವರ್ಷದ ಮೇಲಾಯಿತು.

ಇನ್ನೊಂದು ಮಾತು. ನಮ್ಮ ಮೊಮ್ಮಕ್ಕಳು ನಮ್ಮನ್ನೂ ತಪ್ಪಿತಸ್ಥರು ಅನ್ನಬಹುದು. ಅನ್ನಲಿ. ಅವರ ಮಾತು ನಿಜವೂ ಇರಬಹುದು. ಆದರೆ ಎಲ್ಲವೂ ಆಯಾ ಕಾಲದ ಅಭಿಪ್ರಾಯ ಅಷ್ಟೇ ಆಗಿದ್ದರೆ ಅವರು ನಮ್ಮನ್ನು ತಪ್ಪು ಅನ್ನಲೂ ಆಗುವುದಿಲ್ಲ, ಬೇರೆ ಅನ್ನಬಹುದು ಅಷ್ಟೇ. ಹಾಗಾದರೆ ಮುತ್ತುಲಕ್ಷ್ಮಿಯವರ ಹೋರಾಟದಿಂದ ಏನೋ ಸುಧಾರಿಸಿತು ಅಂತ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. ಸುಮ್ನೆ ಬದಲಾಯಿತು ಅನ್ನಬೇಕಾಗುತ್ತದೆ. ಅದು ನಿಮಗೂ ಒಪ್ಪಿಗೆಯಾಗದು ಅಂತ ನನ್ನ ನಂಬಿಕೆ.

ನಮ್ಮ ರಾಜ್ಯದಲ್ಲಿ ನಿಷೇಧ ಕಾಯ್ದೆ 1982ರಲ್ಲೇ ಬಂದಿತ್ತು. ಅದಾಗಿ ಹತ್ತು ವರ್ಷದ ಮೇಲೆ, 1993-94ರ ಸರ್ಕಾರಿ ಸಮೀಕ್ಷೆಯಲ್ಲಿ 22,873 ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ಇಂಥ ಹೆಂಗಸರೇ ಸಂಘ ಕಟ್ಟಿಕೊಂಡು ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಮುತ್ತು ಕಟ್ಟುವುದನ್ನು ತಡೆದಿದ್ದಾರೆ. ತೀರ್ಪು ಕೊಡಲು ನಾವು ಯಾರು ಅಂತ ಕೇಳಿದಿರಿ. ಅವರು ಈಗಾಗಲೇ ತೀರ್ಪು ಕೊಟ್ಟಿದ್ದಾರೆ. ನಮ್ಮ ಲೇಖನ ನಿಂತಿದ್ದು ಅವರ ಪಕ್ಕದಲ್ಲಿ.

— ಸಂಪಾದಕ